ಅಂಟಂಟು ರೆಸಿನ್, ಕಂದು ಹೂವು, ನಾರುವ ಚಿಪ್ಪು: ಕರಾವಳಿಯಲ್ಲಿ ಮಾಡಿದ ಆಭರಣ ಕೆಟ್ಟರೆ ಕಾರಣ ಹುಡುಕುವುದು ಹೇಗೆ

ರೆಸಿನ್ ಎಂದರೆ ಅಚ್ಚಿಗೆ ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಅಂಟು ದ್ರವ. ಅದರೊಳಗೆ ಹೂವು, ಎಲೆ ಇಟ್ಟು ಆಭರಣ ಮಾಡುತ್ತಾರೆ. ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ನಮೂನೆಯ ಮೆಸೇಜುಗಳು ಬರುತ್ತವೆ. "ಅಕ್ಕಾ, ಪೆಂಡೆಂಟ್ ಇನ್ನೂ ಅಂಟಂಟು ಇದೆ. ಮೇಲೆ ಇನ್ನೊಂದು ಕೋಟ್ ಹಾಕ್ಲಾ?" ಕೇಳುವವರು ಕಾರವಾರದವರಿರಬಹುದು, ಕುಮಟಾದವರಿರಬಹುದು, ಘಟ್ಟದ ಮೇಲಿನ ಶಿರಸಿಯವರಿರಬಹುದು. ನನ್ನ ಉತ್ತರ ಮಾತ್ರ ಬದಲಾಗುವುದಿಲ್ಲ. ಹಾಕಬೇಡ ತಂಗಿ, ಮೊದಲು ಕಾರಣ ಹುಡುಕು. ಮೇಲೆ ಹೊಸ ಪದರ ಸುರಿದರೆ ದೋಷ ಒಳಗೇ ಕೂತುಬಿಡುತ್ತದೆ. ಆಮೇಲೆ ತೆಗೆಯಲೂ ಬರುವುದಿಲ್ಲ, ತಿಳಿಯಲೂ ಬರುವುದಿಲ್ಲ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಆ ದಿನಗಳಲ್ಲಿ ಗಾಳಿಯ ತೇವಾಂಶ ಶೇ. 85–90 ಇರುವುದು ಮಾಮೂಲು. ರೆಸಿನ್ ಬಾಟಲಿಯ ಮೇಲೆ ಸೂಚನೆ ಬರೆದವರು ಈ ಗಾಳಿಯನ್ನು ನೋಡಿ ಬರೆದದ್ದಲ್ಲ. ಹಾಗಾಗಿ ನಮ್ಮ ಕಡೆ ಏನೇ ಕೆಟ್ಟರೂ ನಾನು ಮೊದಲು ಅನುಮಾನಿಸುವುದು ನೀರನ್ನು. ಹೂವಿನಲ್ಲಿ ಉಳಿದ ನೀರು, ಚಿಪ್ಪಿನೊಳಗಿನ ಉಪ್ಪುನೀರು, ಬಾಟಲಿಗೆ ಸೇರಿದ ತೇವ, ಕೊಕ್ಕೆಯ ಮೇಲೆ ಕೂತ ಕಡಲಗಾಳಿ. ಎಲ್ಲ ದೋಷಕ್ಕೂ ನೀರೇ ಕಾರಣ ಎನ್ನುತ್ತಿಲ್ಲ. ಆದರೆ ಅದು ಒಳಗೆ ಬಂದ ದಾರಿ ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ಮೊದಲು ಒಂದು ಖಾಲಿ ತುಂಡು

ಪ್ರತಿ ಸಲ ರೆಸಿನ್ ಕಲಸಿದಾಗ ಕೊನೆಗೆ ಉಳಿದ ಸ್ವಲ್ಪವನ್ನು ಒಂದು ಖಾಲಿ ಅಚ್ಚಿಗೆ ಸುರಿಯಿರಿ. ಅದರಲ್ಲಿ ಹೂವಿಲ್ಲ, ಎಲೆಯಿಲ್ಲ, ಬಣ್ಣವಿಲ್ಲ. ಅದರ ಹಿಂದೆ ಮಾರ್ಕರ್‌ನಿಂದ ತಾರೀಕು ಬರೆದಿಡಿ. ಇದು ಮಾರುವುದಕ್ಕಲ್ಲ, ಸಾಕ್ಷಿಗೆ.

ಏನಾದರೂ ಕೆಟ್ಟಾಗ ಈ ಖಾಲಿ ತುಂಡನ್ನು ಪಕ್ಕದಲ್ಲಿಟ್ಟು ನೋಡಿ. ಖಾಲಿ ತುಂಡು ಸರಿಯಾಗಿದ್ದು ಹೂವಿನ ಪೆಂಡೆಂಟ್ ಮಾತ್ರ ಕೆಟ್ಟಿದ್ದರೆ ತಪ್ಪು ಹೂವಿನ ಕಡೆ ಇದೆ. ಎರಡೂ ಕೆಟ್ಟಿದ್ದರೆ ತಪ್ಪು ಅಳತೆಯಲ್ಲಿ, ಬಾಟಲಿಯಲ್ಲಿ ಇಲ್ಲವೇ ಆ ದಿನದ ಗಾಳಿಯಲ್ಲಿ. ಇಷ್ಟು ಮಾಡದೆ ಎಷ್ಟೋ ಜನ ಸುಮ್ನೆ ಹೊಸ ಕಂಪನಿಯ ರೆಸಿನ್ ತರಿಸಿ ದುಡ್ಡು ಕಳೆಯುತ್ತಾರೆ.

ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ. ದೋಷ ಮೇಲ್ಮೈಯಲ್ಲಿದೆಯೋ ಒಳಗಿದೆಯೋ? ಅದು ಯಾವಾಗ ಕಾಣಿಸಿತು, ಮೊದಲ ದಿನವೋ, ವಾರದ ಮೇಲೋ, ತಿಂಗಳುಗಳ ಮೇಲೋ? ಮುಂದೆ ಹೇಳುವುದೆಲ್ಲ ಈ ಪ್ರಶ್ನೆಗಳ ಮೇಲೇ ನಿಂತಿದೆ.

ರೆಸಿನ್ ಗಟ್ಟಿಯಾಗುತ್ತಿಲ್ಲ

ಎಪಾಕ್ಸಿ ರೆಸಿನ್, ಅಂದರೆ ಹಾರ್ಡ್ನರ್ ಎಂಬ ಗಟ್ಟಿಮಾಡುವ ದ್ರವ ಬೆರೆಸಿ ಬಳಸುವ ಬಗೆ, ಸಾಮಾನ್ಯವಾಗಿ 24 ಗಂಟೆಗೆ ಮುಟ್ಟಿದರೆ ಅಂಟದಷ್ಟಾಗುತ್ತದೆ. ಪೂರ್ತಿ ಗಟ್ಟಿಯಾಗಲು 72 ಗಂಟೆ ಬೇಕು. ಅದು ಹಿತವಾಗಿ ಕೆಲಸ ಮಾಡುವುದು 22ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶಿರಸಿ, ಸಿದ್ದಾಪುರದ ಕಡೆ ಡಿಸೆಂಬರ್ ರಾತ್ರಿಯ ಥಂಡಿಯಲ್ಲಿ ಒಂದೆರಡು ದಿನ ಜಾಸ್ತಿ ಹಿಡಿಯುತ್ತದೆ. ಅದರಲ್ಲೂ ತೆಳ್ಳನೆಯ ಓಲೆಗಳು ನಿಧಾನ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಆ ಬಿಸಿಯೇ ಅದನ್ನು ಬೇಗ ಗಟ್ಟಿ ಮಾಡುತ್ತದೆ. ತೆಳ್ಳನೆಯ ತುಂಡಿನಲ್ಲಿ ಆ ಬಿಸಿ ನಿಲ್ಲುವುದಿಲ್ಲ. ಆದ್ದರಿಂದ ಮೂರು ದಿನ ಕಳೆಯುವ ಮೊದಲು ಕೆಟ್ಟಿತು ಎಂದು ಬಿಸಾಡಬೇಡಿ.

ಮೂರು ದಿನ ಆದಮೇಲೂ ಅಂಟುತ್ತಿದೆ ಅಂದರೆ ಎಲ್ಲಿ ಅಂಟುತ್ತಿದೆ ಎಂದು ನೋಡಬೇಕು. ಬೆರಳ ಉಗುರಿನಿಂದ ನಾಲ್ಕಾರು ಕಡೆ ಒತ್ತಿ.

ಇಡೀ ತುಂಡು ಒಂದೇ ಸಮನೆ ಮೆತ್ತಗಿದ್ದರೆ ಅಳತೆ ತಪ್ಪಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಹೆಚ್ಚಿನವರು ಎಡವುವುದು ಇಲ್ಲೇ. ಬಾಟಲಿಯ ಮೇಲೆ 2:1 (ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್ನರ್) ಅಂತ ಬರೆದಿದ್ದರೆ ಅದು ಅಳತೆ ಕಪ್ಪಿನ ಲೆಕ್ಕವೋ ತೂಕದ ಲೆಕ್ಕವೋ ಎಂದು ಓದಿ. ರೆಸಿನ್ ಹಾರ್ಡ್ನರ್‌ಗಿಂತ ಭಾರ. ಕಪ್ಪಿನಲ್ಲಿ 2:1 ಇರುವುದು ತಕ್ಕಡಿಯಲ್ಲಿ ಸುಮಾರು 100ಕ್ಕೆ 45ರ ಹತ್ತಿರ ಬರುತ್ತದೆ, 100ಕ್ಕೆ 50 ಅಲ್ಲ. ಕಪ್ಪಿನ ಲೆಕ್ಕವನ್ನು ತಕ್ಕಡಿಗೆ ಹಾಕಿದರೆ ಹಾರ್ಡ್ನರ್ ಹೆಚ್ಚಾಗುತ್ತದೆ. ಹಾರ್ಡ್ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆಯನ್ನೂ ಬಿಟ್ಟುಬಿಡಿ. ಅದು ಸುಣ್ಣ, ಸಿಮೆಂಟಿನ ಲೆಕ್ಕವಲ್ಲ. ಒಂದಕ್ಕೆ ಇಂತಿಷ್ಟೇ ಜೋಡಿ ಬೇಕು. ಮಿಕ್ಕಿದ್ದು ಒಳಗೇ ಒದ್ದೆಯಾಗಿ ಉಳಿಯುತ್ತದೆ.

ಒಂದು ಜೊತೆ ಓಲೆಗೆ ಬೇಕಾದಷ್ಟೇ, ಅಂದರೆ ಐದಾರು ಗ್ರಾಂ ಕಲಸುವುದೂ ಅಪಾಯ. ಅಷ್ಟರಲ್ಲಿ ಅರ್ಧ ಗ್ರಾಂ ಹೆಚ್ಚುಕಮ್ಮಿಯಾದರೂ ಅಳತೆ ಕೆಟ್ಟಿತು. ಕಮ್ಮಿಯೆಂದರೆ 20–30 ಗ್ರಾಂ ಕಲಸಿ. ಮಿಕ್ಕಿದ್ದಕ್ಕೆ ಖಾಲಿ ಅಚ್ಚುಗಳು ಇದ್ದೇ ಇವೆಯಲ್ಲ.

ಅಲ್ಲಲ್ಲಿ ಮಾತ್ರ ಅಂಟು, ಉಳಿದ ಕಡೆ ಗಾಜಿನಷ್ಟು ಗಟ್ಟಿ ಇದ್ದರೆ ಅಳತೆ ಸರಿ, ಕಲಸಿದ್ದು ಸಾಲದು. ಕಪ್ಪಿನ ಗೋಡೆಗೆ, ತಳಕ್ಕೆ ಹತ್ತಿಕೊಂಡ ರೆಸಿನ್‌ಗೆ ಹಾರ್ಡ್ನರ್ ತಾಗಿರುವುದಿಲ್ಲ. ಕೊನೆಗೆ ಕಪ್ಪನ್ನು ಕೆರೆದು ಸುರಿದಾಗ ಅದೇ ಬಂದು ಅಚ್ಚಿನಲ್ಲಿ ಕೂರುತ್ತದೆ. ನಿಧಾನವಾಗಿ ಮೂರ್ನಾಲ್ಕು ನಿಮಿಷ ಕಲಸಿ, ಗೋಡೆ ಕೆರೆಯುತ್ತಾ ಕಲಸಿ, ಆಮೇಲೆ ಇನ್ನೊಂದು ಒಣ ಕಪ್ಪಿಗೆ ಬಗ್ಗಿಸಿ ಮತ್ತೊಂದು ನಿಮಿಷ ಕಲಸಿ. ಆ ಎರಡನೇ ಕಪ್ಪು ದಂಡ ಅನ್ನಿಸಬಹುದು, ದಂಡವಲ್ಲ.

ಒಳಗೆ ಗಟ್ಟಿ, ಮೇಲೆ ಮಾತ್ರ ಎಣ್ಣೆ ಸವರಿದಂತೆ ಜಿಡ್ಡು ಇದ್ದರೆ ಅದು ನಮ್ಮ ಕಡೆಯ ಮಳೆಗಾಲದ ದೊಡ್ಡ ತೊಂದರೆ. ಹಾರ್ಡ್ನರ್‌ನಲ್ಲಿರುವ ಅಮೈನ್ ಎಂಬ ಅಂಶ ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ತೆಳು ಪೊರೆ ಕಟ್ಟುತ್ತದೆ. ಪರೀಕ್ಷೆ ಸುಲಭ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಮೆತ್ತನೆಯ ಬಟ್ಟೆಯಿಂದ ಉಜ್ಜಿ. ಜಿಡ್ಡು ಹೋದರೆ ಇದೇ ಪೊರೆ. ಹೋಗದೆ ಮತ್ತೆ ಅಂಟಿದರೆ ಕಾರಣ ಮೇಲಿನ ಎರಡರಲ್ಲಿ ಒಂದು. ಪೊರೆಯೇ ಆಗಿದ್ದರೆ ಚೆನ್ನಾಗಿ ತೊಳೆದು, ಒಣಗಿಸಿ, 400 ನಂಬರಿನ ಉಪ್ಪುಕಾಗದ (ಸ್ಯಾಂಡ್‌ಪೇಪರ್) ತಿಕ್ಕಿ, ಆಮೇಲೆ ಬೇಕಿದ್ದರೆ ತೆಳುವಾಗಿ ಇನ್ನೊಂದು ಕೋಟ್ ಹಾಕಬಹುದು. ತೊಳೆಯದೆ ಉಪ್ಪುಕಾಗದ ಹಚ್ಚಿದರೆ ಜಿಡ್ಡು ಗೀರಿನೊಳಗೇ ಇಳಿಯುತ್ತದೆ, ಮೇಲಿನ ಕೋಟ್ ಸಿಪ್ಪೆಯಾಗಿ ಏಳುತ್ತದೆ.

ಇದು ಬಾರದ ಹಾಗೆ ನೋಡಿಕೊಳ್ಳಲು ಗಾಳಿಯನ್ನು ಒಣಗಿಸಬೇಕು. ಏಸಿ ಇದ್ದವರು ಏಸಿ ಕೋಣೆಯಲ್ಲಿ ಮಾಡಿದರಾಯಿತು. ಇಲ್ಲದವರಿಗೆ ಒಂದು ಉಪಾಯ. ಗಾಳಿ ಬೆಚ್ಚಗಾದಷ್ಟೂ ಅದರ ತೇವಾಂಶದ ಶೇಕಡಾವಾರು ಇಳಿಯುತ್ತದೆ. 26 ಡಿಗ್ರಿಯಲ್ಲಿ ಶೇ. 90 ತೇವಾಂಶ ಇರುವ ಗಾಳಿಯನ್ನು 36 ಡಿಗ್ರಿಗೆ ಕಾಯಿಸಿದರೆ ಅದು ಶೇ. 50ರ ಆಸುಪಾಸಿಗೆ ಬರುತ್ತದೆ. ನೀರು ಅಷ್ಟೇ ಇರುತ್ತದೆ, ಆದರೆ ರೆಸಿನ್ ಮೇಲೆ ಕೂರುವುದಿಲ್ಲ. ಒಂದು ಮರದ ಪೆಟ್ಟಿಗೆಯೊಳಗೆ ಯಾವುದಕ್ಕೂ ತಾಗದಂತೆ ಹಳೇ ಕಾಲದ 40 ವ್ಯಾಟ್ ಬಲ್ಬ್ ತೂಗುಹಾಕಿ. ಒಳಗೊಂದು ಥರ್ಮಾಮೀಟರ್ ಇಡಿ. ಅಚ್ಚುಗಳನ್ನು ಸುರಿದಾದ ಮೇಲೆ ಒಳಗಿಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ, ಅದು ಅಷ್ಟು ಬಿಸಿ ಕೊಡುವುದಿಲ್ಲ. 40 ಡಿಗ್ರಿ ದಾಟಿಸಬೇಡಿ, ದಾಟಿದರೆ ಗುಳ್ಳೆ ಏಳುತ್ತವೆ. ಪೆಟ್ಟಿಗೆ ಹೊತ್ತಿಸಿಟ್ಟು ಪೇಟೆಗೆ ಹೋಗಲೂಬೇಡಿ.

ಗಟ್ಟಿಯಾಗಿದ್ದ ಓಲೆ ಆಮೇಲೆ ಬಾಗಿದರೆ ಅದು ಬೇರೆ ಸಂಗತಿ. ಕರಕುಶಲ ಕೆಲಸದ ಬಹಳಷ್ಟು ಎಪಾಕ್ಸಿಗಳು 50 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತವೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯೊಳಗೆ ಅಷ್ಟು ಶಾಖ ಸಲೀಸಾಗಿ ಏರುತ್ತದೆ. ಗಿರಾಕಿಯನ್ನು "ಎಲ್ಲಿಟ್ಟಿದ್ರಿ?" ಅಂತ ಕೇಳಿ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಚಪ್ಪಟೆ ಹಲಗೆಯ ಮೇಲೆ ಭಾರ ಹೇರಿ ತಣ್ಣಗಾಗಲು ಬಿಟ್ಟರೆ ಸಾಮಾನ್ಯವಾಗಿ ನೇರವಾಗುತ್ತದೆ.

ಯುವಿ ರೆಸಿನ್ ಲೆಕ್ಕ ಬೇರೆ. ಅದು ಯುವಿ, ಅಂದರೆ ಅತಿನೇರಳೆ ಬೆಳಕಿನಿಂದ ಗಟ್ಟಿಯಾಗುತ್ತದೆ, 365ರಿಂದ 405 ನ್ಯಾನೋಮೀಟರ್ ತರಂಗಾಂತರದ ಲ್ಯಾಂಪ್ ಬೇಕು. ಮೇಲಿನ ಪದರ ಮಾತ್ರ ಅಂಟಂಟಾಗಿದ್ದರೆ ಅದು ಗಾಳಿಯ ಆಮ್ಲಜನಕದ ಕೆಲಸ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಲ್ಯಾಂಪ್ ಕೆಳಗಿಡಿ. ಮೇಲೆ ಗಟ್ಟಿ, ಹಿಂಬದಿ ಒತ್ತಿದರೆ ಒಸರುತ್ತದೆ ಎಂದರೆ ಬೆಳಕು ಅಲ್ಲಿಗೆ ಮುಟ್ಟಿಲ್ಲ. ದಪ್ಪ ಎಲೆ, ಬೀಜ, ಚಿಪ್ಪು ಇವುಗಳ ನೆರಳಲ್ಲಿ ಹಾಗಾಗುತ್ತದೆ. ಎರಡು ಮಿಲಿಮೀಟರಿಗಿಂತ ದಪ್ಪ ಒಮ್ಮೆಲೇ ಸುರಿಯಬೇಡಿ. ಮಗುಚಿ ಹಿಂಬದಿಗೂ ಬೆಳಕು ಕೊಡಿ. ಕಪ್ಪು ಬೀಜಗಳಿಗೆ ಯುವಿ ರೆಸಿನ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಮಬ್ಬು ಮತ್ತು ಗುಳ್ಳೆ

ಗಾಜಿನ ಹಾಗಿರಬೇಕಾದ್ದು ಹಾಲು ಬೆರೆಸಿದಂತೆ ಕಂಡರೆ ಬಾಟಲಿಯನ್ನೇ ಬೆಳಕಿಗೆ ಹಿಡಿದು ನೋಡಿ. ಬಾಟಲಿಯಲ್ಲೂ ಬಿಳಿ ಹರಳು ತಳ ಹಿಡಿದಿದ್ದರೆ ಅದು ಚಳಿಗಾಲದ ತುಪ್ಪದಂತೆ ಹೆಪ್ಪುಗಟ್ಟಿದೆ ಅಷ್ಟೇ, ಕೆಟ್ಟಿಲ್ಲ. ಮುಚ್ಚಳ ಬಿಗಿ ಮಾಡಿ 50 ಡಿಗ್ರಿ ಬಿಸಿನೀರಿನಲ್ಲಿ ಬಾಟಲಿ ಇಡಿ, ಹರಳು ಪೂರ್ತಿ ಕರಗಿದ ಮೇಲೆ ತಣಿಸಿ ಬಳಸಿ. ಬಾಟಲಿ ತಿಳಿಯಾಗಿದ್ದು ಖಾಲಿ ತುಂಡೂ ಮಬ್ಬಾಗಿದ್ದರೆ ಕಲಸುವಾಗ ನೀರು ಸೇರಿದೆ. ತೊಳೆದು ಸರಿಯಾಗಿ ಒಣಗಿಸದ ಕಪ್ಪು, ಬೆವರಿದ ಕೈ, ವಾರಗಟ್ಟಲೆ ಮುಚ್ಚಳ ಸಡಿಲ ಬಿಟ್ಟ ಹಾರ್ಡ್ನರ್, ಯಾವುದೂ ಆಗಬಹುದು. ಖಾಲಿ ತುಂಡು ತಿಳಿಯಾಗಿದ್ದು ಹೂವಿನ ಸುತ್ತ ಮಾತ್ರ ಮಬ್ಬಿದ್ದರೆ ಹೂವು ಹಸಿ.

ಗುಳ್ಳೆಗಳೂ ತಾವು ಎಲ್ಲಿಂದ ಬಂದೆವು ಎಂದು ಹೇಳುತ್ತವೆ. ಎಲ್ಲ ಕಡೆ ಸಮನಾಗಿ ಸಣ್ಣ ಗುಳ್ಳೆ ಇದ್ದರೆ ಜೋರಾಗಿ ಕಲಸಿದ್ದೀರಿ. ಹೂವಿನ ಬುಡದಿಂದ ಸಾಲಾಗಿ ಮೇಲೆದ್ದಿದ್ದರೆ ಹೂವಿನೊಳಗಿನ ಗಾಳಿ. ಹೂವನ್ನು ಮೊದಲು ತೆಳು ರೆಸಿನ್‌ನಲ್ಲಿ ಅದ್ದಿ ಒಣಗಿಸಿ, ಆಮೇಲೆ ಅಚ್ಚಿಗಿಡಿ.

ಅಡಿಕೆ ಹಾಳೆ, ಮರದ ತುಂಡು, ಬೆಂಡು ಇವುಗಳಲ್ಲಿ ಗುಳ್ಳೆ ಏಳುವುದು ನಿಲ್ಲುವುದೇ ಇಲ್ಲ ಎಂಬ ದೂರು ಘಟ್ಟದ ಮೇಲಿನಿಂದ ಹೆಚ್ಚು. ಶಿರಸಿ, ಸಿದ್ದಾಪುರದ ಗುಡಿಗಾರರು ಬೆಂಡಿನಿಂದ ಬಾಸಿಂಗ ಮಾಡುತ್ತಾರೆ. ಮದುವೆಯ ಬಾಸಿಂಗದ ಒಂದು ಚೂರನ್ನು ರೆಸಿನ್‌ನಲ್ಲಿ ಕಾಪಿಡಬೇಕೆಂದು ಕೇಳುವವರಿದ್ದಾರೆ. ಬೆಂಡಿನ ತುಂಬ ಗಾಳಿ. ರೆಸಿನ್ ಬಿಸಿಯಾದಂತೆ ಆ ಗಾಳಿ ಹಿಗ್ಗಿ ಹೊರಗೆ ಬರುತ್ತಲೇ ಇರುತ್ತದೆ. ಬ್ರಷ್‌ನಲ್ಲಿ ಎರಡು ಮೂರು ತೆಳು ಕೋಟ್ ಕೊಟ್ಟು, ಒಂದೊಂದೂ ಗಟ್ಟಿಯಾದ ಮೇಲೆ ಅಚ್ಚಿಗೆ ಇಡಿ. ನೀರು ಬೆರೆಸಿದ ಅಂಟಿನಿಂದ ಮುಚ್ಚುವವರೂ ಇದ್ದಾರೆ. ನನಗದು ಇಷ್ಟವಿಲ್ಲ. ಬೆಂಡು ಆ ನೀರನ್ನು ಕುಡಿದುಬಿಡುತ್ತದೆ, ಮಳೆಗಾಲದಲ್ಲಿ ಬಿಡುವುದಿಲ್ಲ.

ಹೂವು ಕಂದಾಯಿತು

ಇದರಲ್ಲಿ ಕಾಲವೇ ಕಾರಣ ಹೇಳುತ್ತದೆ.

ಸುರಿದ ಮೊದಲ ದಿನವೇ ಬಣ್ಣ ತಿರುಗಿದರೆ ಅದು ರೆಸಿನ್‌ನ ಬಿಸಿ ಅಥವಾ ಹಾರ್ಡ್ನರ್‌ನ ಕ್ಷಾರಗುಣ. ದಾಸವಾಳ, ಶಂಖಪುಷ್ಪದ ಬಣ್ಣ ಹುಳಿಗೂ ಕ್ಷಾರಕ್ಕೂ ಬದಲಾಗುವಂಥದ್ದು. ಪರೀಕ್ಷಿಸಲು ಎಲೆಅಡಿಕೆ ತಟ್ಟೆಯ ಸುಣ್ಣವೇ ಸಾಕು. ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿನೀರನ್ನು ಒಂದು ಎಸಳಿನ ಮೇಲೆ ಹಚ್ಚಿ. ಎಸಳನ್ನು ಸ್ವಲ್ಪ ಜಜ್ಜಿ ಹಚ್ಚಿದರೆ ಬೇಗ ಗೊತ್ತಾಗುತ್ತದೆ. ದಾಸವಾಳದ ಕೆಂಪು ಹಸಿರು ಕಡೆಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಸುಣ್ಣಕ್ಕೆ ಬಣ್ಣ ಬಿಟ್ಟ ಹೂವು ಹಾರ್ಡ್ನರ್‌ಗೂ ಬಿಡುವ ಸಾಧ್ಯತೆ ಜಾಸ್ತಿ. ಅಂಥ ಹೂವಿಗೆ ಹಾರ್ಡ್ನರ್ ಇಲ್ಲದ ಯುವಿ ರೆಸಿನ್ ಬಳಸಿ ನೋಡಿ.

ಒಂದೆರಡು ವಾರದಲ್ಲಿ ಅಂಚಿನಿಂದ ಅಥವಾ ನಡುವಿನಿಂದ ಕಂದು ಹರಡಿದರೆ ಹೂವಿನಲ್ಲಿ ನೀರು ಉಳಿದಿತ್ತು. ಮಲ್ಲಿಗೆ, ಸಂಪಿಗೆ ಒಣಗಿಸುವಾಗಲೇ ಕಂದಾಗುತ್ತವೆ, ಅದು ಅವುಗಳ ಗುಣ. ಗಿರಾಕಿಗೆ ಮೊದಲೇ ಹೇಳಿಬಿಡಿ. ಕಾಗದದ ಹೂವು ಎಂದು ಕರೆಯುವ ಬೋಗನ್‌ವಿಲ್ಲಾ ಬಹಳ ಸುಲಭ, ಅದರ ಬಣ್ಣದ ಭಾಗ ನಿಜಕ್ಕೂ ಎಸಳಲ್ಲ, ತೆಳು ಎಲೆ. ಹೊಸದಾಗಿ ಕಲಿಯುವವರು ಅದರಿಂದಲೇ ಶುರು ಮಾಡಲಿ.

ತಿಂಗಳುಗಳ ಮೇಲೆ ಇಡೀ ಹೂವು ಸಮನಾಗಿ ಪೇಲವವಾದರೆ ಅದು ಬಿಸಿಲು. ರೆಸಿನ್ ಹಳದಿ ಆಗುವುದಕ್ಕೂ ಮುಖ್ಯ ಕಾರಣ ಅದೇ. ಇದಕ್ಕೆ ಔಷಧಿ ಇಲ್ಲ. ಕಿಟಕಿಯ ಪಕ್ಕ ತೂಗುಹಾಕಬೇಡಿ ಎಂದು ಹೇಳಬಹುದು ಅಷ್ಟೇ.

ಒಣಗಿಸುವ ಮಾತಿಗೆ ಬರೋಣ. ಎರಡನೇ ಕಾರಣ, ಅಂದರೆ ಹೂವಿನಲ್ಲಿ ನೀರು ಉಳಿಯುವುದು, ನಮ್ಮಲ್ಲಿ ಬಹಳ ಸಾಮಾನ್ಯ. ಬೇಸಿಗೆಯಲ್ಲಿ ದಪ್ಪ ಪುಸ್ತಕದೊಳಗಿಟ್ಟ ಹೂವು ತಾನೇ ಒಣಗುತ್ತದೆ. ಮಳೆಗಾಲದಲ್ಲಿ ಪುಸ್ತಕವೇ ಬೂಸ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಬೇಕೇ ಬೇಕು. ಗಾಳಿಯಾಡದ ಡಬ್ಬಿಯಲ್ಲಿ ಹೂವನ್ನು ಜೆಲ್‌ನೊಳಗೆ ಹೂತಿಟ್ಟು ಮೂರರಿಂದ ಏಳು ದಿನ ಬಿಡಿ. ಕಿತ್ತಳೆ ಬಣ್ಣದ ಜೆಲ್ ನೀರು ಕುಡಿದಂತೆ ಹಸಿರಾಗುತ್ತದೆ, ನೀಲಿಯದು ಗುಲಾಬಿಯಾಗುತ್ತದೆ. ಬಣ್ಣ ತಿರುಗಿದ ಜೆಲ್‌ನಲ್ಲಿ ಹೂವಿಟ್ಟರೆ ಏನೂ ಉಪಯೋಗವಿಲ್ಲ. ಅದನ್ನು 110 ಡಿಗ್ರಿ ಆಸುಪಾಸಿನ ಓವನ್‌ನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಮೊದಲಿನ ಬಣ್ಣ ಬರುತ್ತದೆ. ಅಕ್ಕಿಯಲ್ಲಿ ಹೂತಿಡುವುದು ನಮ್ಮ ಗಾಳಿಗೆ ಸಾಲದು.

ಒಣಗಿತೋ ಇಲ್ಲವೋ ಎಂದು ಕಣ್ಣಿನಿಂದ ತಿಳಿಯುವುದಿಲ್ಲ. ಎಸಳು ಸರಸರ ಅಂದರೂ ನಡುವಿನ ದಪ್ಪ ಭಾಗ ಹಸಿ ಇರುತ್ತದೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ತಂದುಕೊಳ್ಳಿ. ಇವತ್ತು ತೂಗಿ, ಮತ್ತೆ ಜೆಲ್‌ಗೆ ಹಾಕಿ, ನಾಳೆ ತೂಗಿ. ತೂಕ ಇಳಿಯುವುದು ನಿಂತಿದ್ದರೆ ಒಣಗಿತು. ಇನ್ನೊಂದು ವಿಷಯ. ಒಣಗಿದ ಹೂವನ್ನು ಮೇಜಿನ ಮೇಲೆ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅದು ಗಾಳಿಯ ತೇವ ಎಳೆದುಕೊಳ್ಳಲು ಶುರು ಮಾಡಿರುತ್ತದೆ. ರೆಸಿನ್ ಕಲಸಿ ತಯಾರಾಗುವ ತನಕ ಡಬ್ಬಿಯಿಂದ ತೆಗೆಯಬೇಡಿ.

ಮದುವೆ ಹಾರದ ಕಷ್ಟ ಬೇರೆ ತರಹ. ಹೂವಾಡಗಿತ್ತಿ ನೀರು ಚಿಮುಕಿಸಿ ಕೊಟ್ಟ ಹಾರ, ಬೀಗರ ಮನೆಯ ಊಟೋಪಚಾರ ಎಲ್ಲ ಮುಗಿದು ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತಾ ನಮ್ಮ ಕೈಗೆ ಬರುತ್ತದೆ. ಅಷ್ಟರಲ್ಲಿ ಅರ್ಧ ಕೊಳೆತಿರುತ್ತದೆ. ಆರ್ಡರ್ ತಗೊಳ್ಳುವಾಗಲೇ ಹೇಳಿ: ಪ್ಲಾಸ್ಟಿಕ್ ಬೇಡ, ಒಣ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ, ಮರುದಿನವೇ ಕಳಿಸಿ. ಫ್ರೀಜರ್‌ನಲ್ಲಿ ಇಡಬಾರದು, ಕರಗಿದ ಮೇಲೆ ಎಸಳು ಮುದ್ದೆಯಾಗುತ್ತದೆ.

ಚಿಪ್ಪು ನಾರುತ್ತದೆ, ಬಿಳಿ ಪುಡಿ ಬಿಡುತ್ತದೆ

ಕಾರವಾರದ ಟಾಗೋರ್ ಕಡಲತೀರದಲ್ಲೋ ಮಾಜಾಳಿಯಲ್ಲೋ ಹೆಕ್ಕಿದ ಚಿಪ್ಪು, ಅಘನಾಶಿನಿ ಅಳಿವೆಯ ಬಳಚಿನ (ಕಪ್ಪೆಚಿಪ್ಪಿನ ಜಾತಿಯ ಜೀವಿ) ಚಿಪ್ಪು, ಮನೆಗೆ ತಂದ ನಾಲ್ಕನೇ ದಿನ ವಾಸನೆ ಹೊಡೆದರೆ ಎಲ್ಲಿಂದ ಎಂದು ಮೂಸಿ ನೋಡಿ. ಸುರುಳಿ ಚಿಪ್ಪಿನ ಬಾಯಿಂದ ಬರುತ್ತಿದ್ದರೆ ಒಳಗೆ ಜೀವಿಯ ಅಂಶ ಉಳಿದಿದೆ. ಕುದಿಸಿ, ಕೊಕ್ಕೆಯಿಂದ ಎಳೆದು ತೆಗೆದು, ತೆಳು ಬ್ಲೀಚ್ ನೀರಿನಲ್ಲಿ ನೆನೆಸಿ ತೊಳೆಯಿರಿ. ಹೊರಮೈಯ ಕಂದು ಪೊರೆಯೂ ಅದರಲ್ಲೇ ಬಿಡುತ್ತದೆ. ವಿನೆಗರ್, ನಿಂಬೆ, ಹುಣಸೆ ಮಾತ್ರ ಬೇಡ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಕರಗುತ್ತದೆ, ಹೊಳಪು ಹೋಗುತ್ತದೆ. ಬ್ಲೀಚ್ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಬಳಸುವುದಂತೂ ವಿಷ. ಕ್ಲೋರಿನ್ ಅನಿಲ ಏಳುತ್ತದೆ.

ಬಿಳಿ ಪುಡಿಗೆ ಎರಡು ಕಾರಣ. ತೊಳೆದು ಒಣಗಿಸಿದ ಕೆಲ ದಿನಕ್ಕೆ ಮತ್ತೆ ಬಿಳಿ ಕೂತರೆ ಅದು ಉಪ್ಪು. ಸಿಹಿನೀರಿನಲ್ಲಿ ಒಂದು ವಾರ ನೆನೆಸಿ, ದಿನಾ ನೀರು ಬದಲಿಸಿ. ವರ್ಷಗಟ್ಟಲೆ ಚೆನ್ನಾಗಿದ್ದ ಚಿಪ್ಪು ಪೆಟ್ಟಿಗೆಯಲ್ಲಿಟ್ಟ ಮೇಲೆ ಪುಡಿ ಬಿಡಲು ಶುರು ಮಾಡಿದರೆ ಪೆಟ್ಟಿಗೆಯನ್ನು ಮೂಸಿ. ಕೆಲವು ಮರ ಮತ್ತು ರಟ್ಟಿನಿಂದ ಹುಳಿಯ ಆವಿ ಬರುತ್ತದೆ, ಅದು ತೇವದ ಜೊತೆ ಸೇರಿ ಚಿಪ್ಪನ್ನು ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಲ್ಲೂ ಇದು ಹಳೇ ತಲೆನೋವು. ಚಿಪ್ಪನ್ನು ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಡಬ್ಬಿಗೆ ಸಾಗಿಸಿ. ತೂತು ಕೊರೆಯುವಾಗ ನೀರಿನಡಿ ಕೊರೆಯಿರಿ, ಮಾಸ್ಕ್ ಹಾಕಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹವಳದ ತುಂಡು ತೀರದಲ್ಲಿ ಬಿದ್ದಿದ್ದರೂ ಆಭರಣಕ್ಕೆ ತರಬೇಡಿ. ಹವಳ, ಕಡಲ ಬೀಸಣಿಗೆ, ಕೆಲವು ದೊಡ್ಡ ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಜೀವ ಇರುವ ಬಳಚನ್ನು ಬರೀ ಚಿಪ್ಪಿಗಾಗಿ ಕೀಳುವುದೂ ಸರಿಯಲ್ಲ.

ಬೀಜ ಮತ್ತು ಹಾಳೆ

ಬೀಜದ ಸರದ ಕೆಳಗೆ ಹಿಟ್ಟಿನಂಥ ಪುಡಿ, ಬೀಜದಲ್ಲಿ ದುಂಡಗಿನ ಸಣ್ಣ ತೂತು ಕಂಡರೆ ಕುಟ್ಟೆ ಹಿಡಿದಿದೆ. ಹುಳ ಹೊರಗಿನಿಂದ ಈಗ ಬಂದದ್ದಲ್ಲ. ಬೀಜದೊಳಗೆ ಮೊದಲೇ ಇದ್ದದ್ದು ಈಗ ಕೊರೆದು ಹೊರಗೆ ಬಂದಿದೆ. ಹಾಗಾಗಿ ಮೇಲೆ ವಾರ್ನಿಶ್ ಹೊಡೆದರೆ ಉಪಯೋಗವಿಲ್ಲ. ಹೆಕ್ಕಿ ತಂದ ಎಲ್ಲ ಬೀಜವನ್ನೂ ಚೆನ್ನಾಗಿ ಒಣಗಿಸಿ, ಚೀಲ ಕಟ್ಟಿ, ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟು ತೆಗೆಯಿರಿ. ಹೊರಗೆ ತೆಗೆದ ಮೇಲೆ ಚೀಲ ತಣ್ಣಗಿರುವಾಗ ಬಿಚ್ಚಬೇಡಿ, ಬೀಜ ಬೆವರುತ್ತದೆ.

ಗುಲಗಂಜಿ ಬಗ್ಗೆ ಎರಡು ಮಾತು. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಬಲು ಚೆಂದ. ಆದರೆ ಅದರೊಳಗೆ ಅಬ್ರಿನ್ ಎಂಬ ಘೋರ ವಿಷ ಇದೆ. ಸಿಪ್ಪೆ ಗಟ್ಟಿ ಇರುವ ತನಕ ವಿಷ ಒಳಗೇ ಇರುತ್ತದೆ. ತೂತು ಕೊರೆದರೆ ಆ ಪುಡಿ ಮೂಗಿಗೆ, ಕೈಗೆ ಬರುತ್ತದೆ, ಧರಿಸಿದವರ ಮಗು ಬಾಯಿಗೆ ಹಾಕಿ ಕಚ್ಚಿದರೆ ಮುಗಿಯಿತು. ಆನೆಗುಲಗಂಜಿ ಬೀಜ ಪೂರ್ತಿ ಕೆಂಪು, ಚುಕ್ಕೆ ಇಲ್ಲ. ಆಭರಣಕ್ಕೆ ಅದನ್ನು ಆರಿಸಿಕೊಳ್ಳಿ, ಅದನ್ನೂ ಮಕ್ಕಳ ಸರಕ್ಕೆ ಬೇಡ. ಬೂದು ಬಣ್ಣದ ಗಜ್ಜುಗವೂ ಚೆನ್ನಾಗಿ ಹೊಳೆಯುತ್ತದೆ.

ಅಡಿಕೆ ಹಾಳೆಯ ಓಲೆ ಮಾರ್ಚ್‌ನ ಮಾರಿಕಾಂಬಾ ಜಾತ್ರೆಯಲ್ಲಿ ಗರಿಗರಿಯಾಗಿದ್ದು ಜುಲೈನಲ್ಲಿ ಬೂಸ್ಟು ಹಿಡಿದರೆ ಬೂಸ್ಟು ಎಲ್ಲಿಂದ ಶುರುವಾಗಿದೆ ನೋಡಿ. ಬಹುತೇಕ ಕೊಕ್ಕೆಯ ತೂತಿನ ಸುತ್ತ ಅಥವಾ ಕತ್ತರಿಸಿದ ಅಂಚಿನಲ್ಲಿ. ಮುಂದೆ ಹಿಂದೆ ವಾರ್ನಿಶ್ ಹಚ್ಚಿ ಅಂಚು ಮತ್ತು ತೂತು ಬಿಟ್ಟಿರುತ್ತಾರೆ. ಮೊದಲು ತೂತು ಹಾಕಿ, ಆಮೇಲೆ ವಾರ್ನಿಶ್ ಹಚ್ಚಿ.

ಕೊಕ್ಕೆ ಕಪ್ಪಾಯಿತು, ಕಿವಿ ಹಸಿರಾಯಿತು

ಕೊಕ್ಕೆಗೆ ಒಂದು ಮ್ಯಾಗ್ನೆಟ್ ಹಿಡಿಯಿರಿ. ಅಂಟಿಕೊಂಡರೆ ಸಾಮಾನ್ಯವಾಗಿ ಒಳಗೆ ಕಬ್ಬಿಣ, ಮೇಲೆ ಬೇರೆ ಲೋಹದ ಲೇಪ. ಕಡಲಗಾಳಿಗೆ ಅದು ತುಕ್ಕು ಹಿಡಿಯದೆ ಇರುವುದಿಲ್ಲ. ಅಂಟದೆ ಹಸಿರು ಕಿಲುಬು ಬಂದರೆ ಹಿತ್ತಾಳೆ ಅಥವಾ ತಾಮ್ರ, ಬೆವರಿನ ಉಪ್ಪಿಗೆ ಹಾಗಾಗುತ್ತದೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕಲ್, ಸತು. ಕಿವಿ ತುರಿಸಿ ಕೆಂಪಾದರೆ ನಿಕಲ್ ಅನುಮಾನಿಸಿ. ನಮ್ಮ ಕಡೆಗೆ 316 ದರ್ಜೆಯ ಸ್ಟೀಲ್ ಕೊಕ್ಕೆ ಒಳ್ಳೆಯದು. ಅದರಲ್ಲಿರುವ ಮಾಲಿಬ್ಡಿನಂ ಉಪ್ಪನ್ನು ತಡೆಯುತ್ತದೆ.

92.5 ಬೆಳ್ಳಿ (ನೂರಕ್ಕೆ 92.5 ಪಾಲು ಬೆಳ್ಳಿ ಇರುವುದು) ಕಪ್ಪಾಗುವುದು ಗಂಧಕದಿಂದ. ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ. ಬರೀ ಬೆಳ್ಳಿಯಾದರೆ ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನಲ್ಲಿ ಕಪ್ಪು ಬಿಡುತ್ತದೆ. ಚಿಪ್ಪು, ರೆಸಿನ್ ಕೂಡಿಸಿದ ಆಭರಣಕ್ಕೆ ಈ ಉಪಾಯ ಬೇಡ. ಒಣ ಬಟ್ಟೆಯಲ್ಲಿ ಒರೆಸಿ. ಹಿತ್ತಾಳೆಗೆ ಬಿಂಬುಳಿ, ಹುಣಸೆಹಣ್ಣು ತಿಕ್ಕುವ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ, ಅಲ್ವಾ? ಪಕ್ಕದಲ್ಲಿ ಚಿಪ್ಪು ಇದ್ದರೆ ಕೊಕ್ಕೆ ಬಿಚ್ಚಿ ತೆಗೆದು ತಿಕ್ಕಿ.

ನಿಮ್ಮದೇ ಮಣಿಕಟ್ಟು, ಬೆರಳ ಸಂದಿ ತುರಿಸುತ್ತಿದ್ದರೆ ಅದನ್ನೂ ದೋಷ ಎಂದೇ ನೋಡಿ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಶುರುವಾದರೆ ಅದು ಸಾಮಾನ್ಯವಾಗಿ ಮತ್ತೆ ಬಿಡುವುದಿಲ್ಲ. ಕೆಲಸ ನಿಲ್ಲಿಸಿ, ಚರ್ಮದ ಡಾಕ್ಟರರನ್ನು ಕಾಣಿ. ನೈಟ್ರೈಲ್ ಕೈಗವಸು, ತೆರೆದ ಕಿಟಕಿ ಮೊದಲ ದಿನದಿಂದಲೇ ಇರಲಿ. ಕೈಗೆ ತಾಗಿದ್ದನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ.

ಕೊಂಡಿ ಕಳಚಿ ಬಿತ್ತು

ಬಿದ್ದ ಜಾಗದಲ್ಲಿ ಗಮ್ ಯಾವ ಕಡೆ ಉಳಿದಿದೆ ನೋಡಿ. ಲೋಹಕ್ಕೆ ಹತ್ತಿಕೊಂಡು ರೆಸಿನ್‌ನಿಂದ ಬಿಟ್ಟಿದ್ದರೆ ರೆಸಿನ್ ಮೇಲ್ಮೈ ನುಣುಪಾಗಿತ್ತು, ಅಥವಾ ಆ ಜಿಡ್ಡಿನ ಪೊರೆ ಇತ್ತು. ತೊಳೆದು 220 ನಂಬರಿನ ಉಪ್ಪುಕಾಗದದಿಂದ ಗೀರಿ ಅಂಟಿಸಿ. ರೆಸಿನ್ ಮೇಲೆ ಉಳಿದು ಲೋಹದಿಂದ ಬಿಟ್ಟಿದ್ದರೆ ಲೋಹದ ಮೇಲೆ ಎಣ್ಣೆ ಇತ್ತು, ಅದನ್ನು ಆಲ್ಕೋಹಾಲ್‌ನಿಂದ ಒರೆಸಿ. ಎರಡೂ ಕಡೆ ಅರ್ಧರ್ಧ ಇದ್ದರೆ ಗಮ್ಮೇ ಮುರಿದಿದೆ. ಸೂಪರ್ ಗ್ಲೂ ಗಟ್ಟಿ, ಆದರೆ ಬಿರುಸು, ಎಳೆತಕ್ಕೆ ಒಡೆಯುತ್ತದೆ. ಅದರ ಆವಿ ಸುತ್ತ ಬಿಳಿ ಮಸುಕನ್ನೂ ಕೂರಿಸುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಗಮ್ ವಾಸಿ. ಭಾರದ ಪೆಂಡೆಂಟಾದರೆ ಗಮ್ ಮೇಲೆ ಭಾರ ಹಾಕಲೇಬೇಡಿ. ಒಂದು ಮಿಲಿಮೀಟರ್ ತೂತು ಕೊರೆದು, ತಿರುಪು ಇರುವ ಸಣ್ಣ ಕೊಂಡಿಗೆ ಒಂದು ಹನಿ ಗಮ್ ಹಚ್ಚಿ ತಿರುಗಿಸಿ, ಒಂದು ದಿನ ಬಿಟ್ಟು ಚೈನ್ ಪೋಣಿಸಿ.